ಗಾಳಿ ಇಲ್ಲ, ನೀರಿಲ್ಲ, ಫೆಂಗ್ ಶೂಯಿ ಇದೆ

ಹೋದ ಭಾನುವಾರ ಗೆಳೆಯನ ಗೃಹಪ್ರವೇಶ. ಬೆಂಗಳೂರಿನ ಹೊರವಲಯದಲ್ಲಿ 14ನೇ ಮಹಡಿ. ಗಣಹೋಮ ಆಗಿತ್ತು, ಹಾಲು ಉಕ್ಕಿತ್ತು, ವಾಸ್ತುವಿನವರು ಮೊದಲೇ ಬಂದು ದಿಕ್ಕು ನೋಡಿ ದುಡ್ಡು ತಗೊಂಡು ಹೋಗಿದ್ದರು. ಅಷ್ಟು ಸಾಲದು ಅಂತ ಹಾಲ್‌ನ ಒಂದು ಮೂಲೆಯನ್ನು ಚೀನಾಕ್ಕೆ ಬಿಟ್ಟುಕೊಟ್ಟಿದ್ದ.

"ಫೆಂಗ್ ಶೂಯಿ ಕಣೋ, ಎನರ್ಜಿ ಚೆನ್ನಾಗಿ ಓಡಾಡುತ್ತೆ" ಅಂದ.

ಚೀನಾದವರ ವಾಸ್ತು ಅನ್ನಿ. ಚೀನೀ ಭಾಷೆಯಲ್ಲಿ ಫೆಂಗ್ ಅಂದರೆ ಗಾಳಿ, ಶೂಯಿ ಅಂದರೆ ನೀರು. ಇವನ ಕಿಟಕಿ ತೆಗೆದರೆ ಎದುರು ಬ್ಲಾಕಿನವರ ಅಡುಗೆಮನೆ ಎಕ್ಸಾಸ್ಟ್ ಫ್ಯಾನು. ನೀರು ಟ್ಯಾಂಕರ್ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡೂ ಇಲ್ಲದ ಕಡೆ ಗಾಳಿ-ನೀರಿನ ಶಾಸ್ತ್ರ ತಂದು ಕೂರಿಸಿದ್ದಾನಲ್ಲ, ಆ ಧೈರ್ಯಕ್ಕೆ ಕೈ ಮುಗಿಯಬೇಕು.

ಆ ಮೂಲೆಯಲ್ಲಿ ಗಾಜಿನ ಬಟ್ಟಲೊಳಗೆ ಲಕ್ಕಿ ಬಾಂಬೂ ಇತ್ತು. ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿಯ ಗಿಡ, ತವರು ಆಫ್ರಿಕಾದ ಕ್ಯಾಮರೂನ್ ಕಡೆ. ಪಕ್ಕದಲ್ಲಿ ಕೈ ಬೀಸುವ ಬೆಕ್ಕು, ಅದು ಜಪಾನಿನದು. ಮಧ್ಯೆ ಹೊಟ್ಟೆ ಬಿಟ್ಟುಕೊಂಡು ಲಾಫಿಂಗ್ ಬುದ್ಧ. ಅವನು ನಮ್ಮ ಗೌತಮ ಬುದ್ಧ ಅಲ್ಲ ಸ್ವಾಮಿ, ಬುದಾಯ್ ಅಂತ, 10ನೇ ಶತಮಾನದಲ್ಲಿ ಜೋಳಿಗೆ ಹೊತ್ತು ಊರೂರು ತಿರುಗುತ್ತಿದ್ದ ಅಂತ ಹೇಳುವ ಚೀನೀ ಸನ್ಯಾಸಿ. ಬುದಾಯ್ ಅಂದರೇ ಬಟ್ಟೆಚೀಲ. ಮನೆ ಮಠ ಬೇಡ ಅಂತ ಅಲೆದವನನ್ನು ಹಿಡಿದು ತಂದು 20 ವರ್ಷದ ಹೋಮ್ ಲೋನ್ ಕಾಯಲು ಕೂರಿಸಿದ್ದಾರೆ.

ಇದೇ ಮಹಾಶಯ 2020ರಲ್ಲಿ ಗಲ್ವಾನ್ ಗಡಿ ಘರ್ಷಣೆ ಆದಮೇಲೆ ಫೋನಿನಿಂದ ಚೀನಾ ಆ್ಯಪ್‌ಗಳನ್ನೆಲ್ಲ ಕಿತ್ತು ಹಾಕಿ, ನೀವೂ ಕೀಳಿ ಅಂತ ದಿನಾ ಮೆಸೇಜ್ ಕಳಿಸುತ್ತಿದ್ದ. ದುಡ್ಡು ತರುತ್ತೆ ಅನ್ನೋ ಚೀನಾದ ಮೂರು ಕಾಲಿನ ಕಪ್ಪೆಗೆ ಮಾತ್ರ ಹೇಗೋ ವೀಸಾ ಸಿಕ್ಕಿದೆ. ಬಾಯಲ್ಲಿ ನಾಣ್ಯ ಕಚ್ಚಿಕೊಂಡು ಬಾಗಿಲಿಗೆ ಬೆನ್ನು ಹಾಕಿ ಕೂತಿತ್ತು.

ಇರಲಿ, ಇವನೊಬ್ಬನನ್ನೇ ಯಾಕೆ ಬೈಯೋದು, ಯುರೋಪಿನ ರಾಜರಿಗೂ ಈ ಹುಚ್ಚು ಬಿಟ್ಟಿರಲಿಲ್ಲ. ಈಗಿನ ಜರ್ಮನಿಯಲ್ಲಿರುವ ಸ್ಯಾಕ್ಸನಿಯ ದೊರೆ ಆಗಸ್ಟಸ್ 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯದ ರಾಜನಿಗೆ ಕೊಟ್ಟು 151 ಚೀನೀ ಪಿಂಗಾಣಿ ಸಾಮಾನು ತಗೊಂಡ. ಭಾಗಾಕಾರ ಮಾಡಿ ನೋಡಿ, ಒಂದು ಹೂಜಿಗೆ ಹತ್ತಿರ ಹತ್ತಿರ ನಾಲ್ಕು ಆಳು. ಕೆಲಸದವಳ ಕೈಜಾರಿ ಒಂದು ಒಡೆದರೆ ನಾಲ್ಕು ಸಂಸಾರ ಹೋದಂಗೆ. ಆ ದಳಕ್ಕೆ ಮುಂದೆ ಪಿಂಗಾಣಿ ದಳ ಅಂತಲೇ ಹೆಸರು ಬಿತ್ತು, ಪಾಪ. ತಮಾಷೆ ಅಂದರೆ ಇಷ್ಟೊತ್ತಿಗೆ ಅವನದೇ ಮೈಸನ್ ಪಿಂಗಾಣಿ ಕಾರ್ಖಾನೆ ಶುರುವಾಗಿ ಏಳು ವರ್ಷ ಆಗಿತ್ತು. ಮನೆಯಲ್ಲೇ ಮಾಡ್ತಿದ್ದರೂ ಫಾರಿನ್ ಮಾಲೇ ಬೇಕು.

ಇಂಗ್ಲೆಂಡಿನವರು ಇನ್ನೂ ಜಾಣರು. 18ನೇ ಶತಮಾನದ ಕೊನೆಗೆ ಅಲ್ಲಿನ ಕಾರ್ಖಾನೆಗಳು ಬಿಳಿ ತಟ್ಟೆಯ ಮೇಲೆ ನೀಲಿಯಲ್ಲಿ ಸೇತುವೆ, ವಿಲ್ಲೋ ಮರ, ಎರಡು ಹಕ್ಕಿ ಅಚ್ಚು ಹಾಕಿ ಚೀನಾ ಚಿತ್ತಾರ ಅಂತ ಮಾರಿದವು. ಆಮೇಲೆ ಅದಕ್ಕೊಂದು ಪ್ರೇಮಕಥೆಯೂ ಹುಟ್ಟಿತು. ಸಾಹುಕಾರನ ಮಗಳು, ಬಡ ಗುಮಾಸ್ತ, ಸಿಟ್ಟಿನ ಅಪ್ಪ, ಕೊನೆಗೆ ಪ್ರೇಮಿಗಳು ಹಕ್ಕಿಯಾಗಿ ಹಾರಿಹೋದರು. ಪಕ್ಕಾ ಚೀನೀ ಪುರಾಣ, ಇಂಗ್ಲೆಂಡಿನಲ್ಲೇ ತಯಾರಾದದ್ದು. ಚೀನಾದ ಕುಂಬಾರರೇನು ಸುಮ್ನೆ ಕೂತರಾ? ಆ ತಟ್ಟೆಯನ್ನೇ ನೋಡಿಕೊಂಡು ನಕಲು ಮಾಡಿ ವಾಪಸ್ ವಿದೇಶಕ್ಕೆ ಕಳಿಸಿದರು.

ಊಟ ಮುಗಿಸಿ ಹೊರಟೆ. ಲಾಫಿಂಗ್ ಬುದ್ಧನನ್ನು ನಾವೇ ಕೊಳ್ಳಬಾರದಂತೆ, ಬೇರೆಯವರು ಕೊಡಬೇಕಂತೆ, ಆಗಲೇ ಫಲವಂತೆ. (ಈ ನಿಯಮ ಮಾಡಿದವನು ಗಿಫ್ಟ್ ಅಂಗಡಿಯವನೇ ಇರಬೇಕು.) ಹಾಗಾಗಿ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಜೊತೆ ಒಬ್ಬ ಬುದಾಯ್ ಕೂತಿದ್ದ. ಮನೆಯಲ್ಲಿ ಆಗಲೇ ಮೂವರಿದ್ದಾರೆ.

ಹೆಂಡತಿ ಚೀಲ ಇಣುಕಿ ನೋಡಿದಳು. "ಡಬ್ಬ ಬಿಚ್ಚಬೇಡಿ, ಮುಂದಿನ ತಿಂಗಳು ನಮ್ಮ ಚಿಕ್ಕಮ್ಮನ ಮನೆ ಗೃಹಪ್ರವೇಶ ಇದೆ."