32 ಕಿಲೋಮೀಟರಿಗೆ ಐದು ದಿನ ಯಾಕೆ?

ಹೋಗುವ ಮುಂಚೆ ಎಲ್ಲರೂ ಕೇಳಿದ್ದು ಇದೊಂದೇ ಪ್ರಶ್ನೆ. ಪೆಸಿಫಿಕ್ ಸಾಗರದ ರಾರೊಟೊಂಗಾ ದ್ವೀಪವನ್ನು ಸುತ್ತುವ ರಸ್ತೆ ಇರುವುದೇ 32 ಕಿಲೋಮೀಟರ್. ಸೈಕಲ್ ಹತ್ತಿದರೆ ಮೂರು ಗಂಟೆಯಲ್ಲಿ ಹೊರಟಲ್ಲಿಗೇ ಬಂದು ನಿಲ್ಲಬಹುದು. ಬೇಕು ಅಂದರೂ ದಾರಿ ತಪ್ಪದ ಊರು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಬೆಟ್ಟ. ಅಂಥ ಜಾಗಕ್ಕೆ ಐದು ದಿನದ ಟೂರ್, ಜೊತೆಗೆ ಗೈಡ್, ಅದೂ ಬರೀ ಹೆಂಗಸರು. "ಇದಕ್ಕೆಲ್ಲ ದುಡ್ಡು ಕೊಡಬೇಕಾ ಅಕ್ಕ?" ಅಂತ ತಮ್ಮ ಕಾರ್ಕಳದಿಂದ ಫೋನ್ ಮಾಡಿ ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ, ಸಮಯ ಇದ್ದಾಗ ಓದಿ.

ಮೊದಲು ಹಳೆಯ ಕಥೆ. ಮೂರು ವರ್ಷದ ಹಿಂದೆ ಬೇರೆ ಕಡೆ ಒಂದು ಸೈಕಲ್ ಟೂರಿಗೆ ಹೋಗಿದ್ದೆ. ಗಂಡಸರು ಹೆಂಗಸರು ಸೇರಿ ಹದಿನೈದು ಜನ. ನಾನು ಮತ್ತು ಇನ್ನೊಬ್ಬಾಕೆ ಸದಾ ಹಿಂದೆ. ಮುಂದೆ ಹೋದವರು ಮರದ ಕೆಳಗೆ ನಿಂತು ಕಾಯುತ್ತಿದ್ದರು. ನೀರು ಕುಡಿದು, ಬಾಳೆಹಣ್ಣು ತಿಂದು, ಫೋಟೊ ತೆಗೆದುಕೊಂಡು, ದಣಿವಾರಿಸಿಕೊಂಡಿರುತ್ತಿದ್ದರು. ನಾವು ಏದುಸಿರು ಬಿಡುತ್ತಾ ತಲುಪಿದ ಕೂಡಲೇ "ಎಲ್ಲರೂ ಬಂದಾಯ್ತು, ಹೊರಡೋಣ" ಅನ್ನುತ್ತಿದ್ದರು. ಅಂದರೆ ಯಾರಿಗೆ ಸುಸ್ತು ಜಾಸ್ತಿಯೋ ಅವರಿಗೆ ಒಂದು ನಿಮಿಷವೂ ವಿಶ್ರಾಂತಿ ಇಲ್ಲ. ಮೂರನೇ ದಿನ ನಾನು ಸೈಕಲ್ಲನ್ನು ವ್ಯಾನಿಗೆ ಹಾಕಿ ಒಳಗೆ ಕೂತುಬಿಟ್ಟೆ. ಯಾರೂ ಕೆಟ್ಟವರಲ್ಲ. ಯಾರಿಗೂ ಅದು ಕಾಣಿಸಲೇ ಇಲ್ಲ, ಅಷ್ಟೇ. ನನಗೋ, ಇನ್ನು ಸೈಕಲ್ ನನ್ನಿಂದ ಆಗುವುದಿಲ್ಲ ಅನ್ನಿಸಿಬಿಟ್ಟಿತ್ತು. ಆಗ ವಯಸ್ಸು 48.

ಈ ಸಲ ಹೊರಟವರು ಎಂಟು ಜನ. ಕನ್ನಡದವರು ನಾವಿಬ್ಬರೇ, ನಾನು ಮತ್ತು ಹುಬ್ಬಳ್ಳಿಯ ಗೆಳತಿ. ಉಳಿದವರೆಲ್ಲ ನ್ಯೂಜಿಲೆಂಡಿನ ಆಕ್ಲೆಂಡಿನವರು. ಅಲ್ಲಿಂದ ವಿಮಾನದಲ್ಲಿ ನಾಲ್ಕು ಗಂಟೆ. ಮಧ್ಯದಲ್ಲಿ ತಾರೀಕು ಬದಲಾಗುವ ದಿನದ ಗೆರೆ ದಾಟುವುದರಿಂದ ಶನಿವಾರ ಬೆಳಿಗ್ಗೆ ಹೊರಟವರು ಶುಕ್ರವಾರ ಮಧ್ಯಾಹ್ನ ಇಳಿದೆವು. ಒಂದು ಶನಿವಾರ ಪುಕ್ಕಟೆ ಸಿಕ್ಕಿತು! ಕುಕ್ ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು. ದೊಡ್ಡದು ಅಂದರೂ 67 ಚದರ ಕಿಲೋಮೀಟರ್. 1965ರಿಂದ ತಮ್ಮದೇ ಸರ್ಕಾರ, ಆದರೆ ನ್ಯೂಜಿಲೆಂಡ್ ಜೊತೆ ಬಿಡದ ನಂಟು. ಟ್ರಾಫಿಕ್ ಸಿಗ್ನಲ್ ಒಂದೂ ಇಲ್ಲ. ಇರುವ ಬಸ್ಸುಗಳಲ್ಲಿ ಕೆಲವು ಗಡಿಯಾರದ ದಿಕ್ಕಿಗೆ ಸುತ್ತುತ್ತವೆ, ಕೆಲವು ಎದುರು ದಿಕ್ಕಿಗೆ. ಬಸ್ಸಿನ ಹೆಸರೂ ಅದೇ.

ಅಲ್ಲಿ ಹಿರಿಯ ಹೆಂಗಸರನ್ನು 'ಮಾಮಾ' ಅನ್ನುತ್ತಾರೆ. ನಮ್ಮ ಗೈಡ್ ಅಂಥ ಒಬ್ಬ ಮಾಮಾ. ಅರವತ್ತರ ಹತ್ತಿರ ಇರಬಹುದು. ಕಿವಿಗೆ ಟಿಯಾರೆ ಹೂವು ಸಿಕ್ಕಿಸಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು ಬಂದರು. "ಕಿಯಾ ಒರಾನಾ" ಅಂದರು. ಅದು ಅಲ್ಲಿಯ ನಮಸ್ಕಾರ. ಅರ್ಥ ಮಾತ್ರ ನಮ್ಮ ಅಜ್ಜಿಯಂದಿರು ಹೇಳುವ 'ನೂರ್ಕಾಲ ಬಾಳು' ಅನ್ನುವ ಥರದ್ದು. ಆಮೇಲೆ ಒಬ್ಬೊಬ್ಬರನ್ನೇ ಸೈಕಲ್ ಪಕ್ಕ ನಿಲ್ಲಿಸಿ ಸೀಟು ಎತ್ತಿದರು, ಇಳಿಸಿದರು. ನನ್ನನ್ನು ಕೂರಿಸಿ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಡಿಸಿ, ಮಂಡಿ ಮುಟ್ಟಿ ನೋಡಿದರು. "ನೀನು ಇಷ್ಟು ವರ್ಷ ಮಗುವಿನ ಸೈಕಲ್ ಹೊಡೆದ ಹಾಗೆ ಹೊಡೆದಿದ್ದೀಯ, ಮಂಡಿ ನೋಯದೆ ಇನ್ನೇನು?" ಅಂದರು. ಸೀಟು ಎರಡು ಇಂಚು ಮೇಲೆ ಹೋಯಿತು. ನಂಬಿ, ಐದು ದಿನ ಮಂಡಿ ನೋಯಲಿಲ್ಲ. ನೆಲಕ್ಕೆ ಕಾಲು ಪೂರ್ತಿ ಊರಬೇಕು ಅನ್ನುವ ಹೆದರಿಕೆಯಲ್ಲಿ ನಾನು ಮೂವತ್ತು ವರ್ಷ ಸೀಟನ್ನು ತಗ್ಗಿಸಿಯೇ ಇಟ್ಟಿದ್ದೆ.

ಇನ್ನೊಂದು ಮಾತನ್ನೂ ನೇರವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಸೈಕಲ್ ಸೀಟು ಎಲ್ಲರಿಗೂ ಒಂದೇ ಥರ ಹೊಂದುವುದಿಲ್ಲ. ಕೂರುವ ಮೂಳೆಗಳ ನಡುವಿನ ಅಂತರ ಹೆಂಗಸರಲ್ಲಿ ಸಾಮಾನ್ಯವಾಗಿ ಜಾಸ್ತಿ. ಸಪೂರ ಸೀಟಿನಲ್ಲಿ ಭಾರವೆಲ್ಲ ಮೆತ್ತನೆಯ ಭಾಗದ ಮೇಲೆ ಬೀಳುತ್ತದೆ. ಪ್ಯಾಡ್ ಇರುವ ಸೈಕಲ್ ಚಡ್ಡಿ ಹಾಕಿದರೆ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯ ಆಗುತ್ತದೆ. ಇದನ್ನೆಲ್ಲ ಗಂಡಸು ಗೈಡ್ ಹತ್ತಿರ ಕೇಳುವುದು ಹೇಗೆ? ಮಾಮಾ ಮೊದಲ ಸಂಜೆ ಊಟದ ಮೇಜಿನಲ್ಲೇ ಎಲ್ಲ ಹೇಳಿದರು. ಟಾಯ್ಲೆಟ್ ಎಲ್ಲೆಲ್ಲಿ ಇದೆ, ಮುಟ್ಟಾದವರು ಯಾವಾಗ ಬೇಕಾದರೂ ಹೇಗೆ ನಿಲ್ಲಿಸಬಹುದು, ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ಅಡ್ಡ ಹಿಡಿಯಬೇಕು, ಎಲ್ಲ. ಬರೀ ಹೆಂಗಸರು ಯಾಕೆ ಅಂತ ಕೇಳಿದವರಿಗೆ ಈ ಒಂದು ಸಂಜೆಯೇ ಸಾಕು.

ಕೊನೆಗೆ ಅವರದು ಒಂದೇ ನಿಯಮ. ಮಾಮಾ ಮುಂದೆ, ಅವರ ತಂಗಿಯ ಮಗಳು ಎಲ್ಲರಿಗಿಂತ ಹಿಂದೆ. ನಿಂತ ಕಡೆ ಕೊನೆಗೆ ಬಂದವಳು ಕೂತು, ನೀರು ಕುಡಿದು, ಅವಳೇ ಬಾಯಿಬಿಟ್ಟು "ಹೋಗೋಣ" ಅನ್ನಬೇಕು. ಅಲ್ಲಿಯವರೆಗೆ ಯಾರೂ ಸೈಕಲ್ ಹತ್ತುವ ಹಾಗಿಲ್ಲ.

ಶನಿವಾರ ದ್ವೀಪದ ಮುಖ್ಯ ಪಟ್ಟಣ ಅವರುವಾದಲ್ಲಿ ಪುನಾಂಗಾ ನುಯಿ ಸಂತೆ. ಅಲ್ಲಿ ಚಿಲ್ಲರೆ ಜೊತೆ ಮೂರು ಡಾಲರಿನ ಒಂದು ನೋಟು ಕೈಗೆ ಬಂತು. ಅದರ ಮೇಲೆ ಒಬ್ಬಳು ಹೆಣ್ಣು ಶಾರ್ಕ್ ಮೀನಿನ ಬೆನ್ನ ಮೇಲೆ ಕೂತಿದ್ದಾಳೆ. ಇನಾ ಅಂತ ಅವಳ ಹೆಸರು. ತಾನು ಮೆಚ್ಚಿದ ತಿನಿರಾವುವನ್ನು ಸೇರಲು ಒಬ್ಬಳೇ ಸಮುದ್ರ ದಾಟಿ ಹೊರಟವಳು. ಸಣ್ಣ ಮೀನುಗಳು ಅವಳ ಭಾರ ತಡೆಯಲಿಲ್ಲ, ಶಾರ್ಕ್ ಹೊತ್ತುಕೊಂಡಿತು. ದಾರಿಯಲ್ಲಿ ಬಾಯಾರಿ, ತೆಂಗಿನಕಾಯಿಯನ್ನು ಅದರ ತಲೆಗೇ ಬಡಿದು ಒಡೆದಳಂತೆ. ಶಾರ್ಕಿನ ತಲೆ ಮೇಲೆ ಬುಗುಟು ಬಂದದ್ದು ಹಾಗೆ ಅಂತ ಕಥೆ. ಹೊರಟ ಹೆಣ್ಣಿನ ಚಿತ್ರವನ್ನು ನೋಟಿನ ಮೇಲೆ ಹಾಕಿಕೊಂಡ ನಾಡು ಅದು. ಆ ನೋಟನ್ನು ನಾನು ಖರ್ಚು ಮಾಡಲಿಲ್ಲ.

ಭಾನುವಾರ ಸೈಕಲ್ ಇಲ್ಲ. ಭಾನುವಾರ ಇಡೀ ದ್ವೀಪ ಚರ್ಚಿನಲ್ಲಿರುತ್ತದೆ. ನಾವೂ ಹೋದೆವು. ತೆಂಗಿನ ಎಳೆ ಸುಳಿಯಿಂದ ಹೆಣೆದ ಬಿಳಿ ಟೋಪಿ ಹಾಕಿಕೊಂಡ ಮಾಮಾಗಳು ಸಾಲಾಗಿ ಕೂತು, ವಾದ್ಯ ಒಂದೂ ಇಲ್ಲದೆ ಎದೆ ಬಿಚ್ಚಿ ಹಾಡಿದರು. ಒಂದು ಕಡೆ ಹೆಂಗಸರ ದನಿ ಏರುತ್ತದೆ, ಇನ್ನೊಂದು ಕಡೆ ಗಂಡಸರು ಗುಡುಗಿನ ಹಾಗೆ ಹುಂಕಾರ ಹಾಕುತ್ತಾರೆ. ಬೆಂಚು ನಡುಗುವುದು ಅಂಗೈಗೆ ಗೊತ್ತಾಗುತ್ತಿತ್ತು.

ಸೋಮವಾರ ನಿಜವಾದ ಸವಾರಿ. ಅಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ. ಹಾಗಾಗಿ ಗಡಿಯಾರದ ದಿಕ್ಕಿಗೆ ಸುತ್ತಿದರೆ ಸಮುದ್ರದ ಕಡೆಯ ಅಂಚು ನಮ್ಮದು, ನಡುವೆ ಯಾವ ವಾಹನವೂ ಅಡ್ಡ ಬರುವುದಿಲ್ಲ. ಆದರೆ ಗಾಳಿ ಬರುವುದು ಆಗ್ನೇಯದಿಂದ. ಅವರುವಾ ಬಿಟ್ಟು ಮಾತವೇರಾ ದಾಟಿದರೆ ಗಾಳಿ ನೇರ ಎದೆಗೆ. ಚಪ್ಪಟೆ ರಸ್ತೆಯೇ ಏರಿನ ಹಾಗೆ ಆಗುತ್ತದೆ. ಮಾಮಾ ನಮ್ಮನ್ನು ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ಹತ್ತಿರ ನಿಲ್ಲಿಸಿ, ಮುಂದಿರುವವಳು ಐದೈದು ನಿಮಿಷಕ್ಕೆ ಬದಲಾಗಬೇಕು ಅಂದರು. ಮುಂದಿನವಳು ಗಾಳಿ ಸೀಳಿದರೆ ಹಿಂದಿನವರಿಗೆ ಕಷ್ಟ ಎಷ್ಟೋ ಕಡಿಮೆ. ನನ್ನ ಸರದಿ ಬಂದಾಗ ಉಪ್ಪುಗಾಳಿಗೆ ಕಣ್ಣು ಉರಿಯುತ್ತಿತ್ತು. ಆದರೂ ನನ್ನ ಬೆನ್ನ ಹಿಂದೆ ಏಳು ಜನ ಹಾಯಾಗಿ ಬರುತ್ತಿದ್ದಾರೆ ಅನ್ನುವುದು ಎಂಥಾ ಖುಷಿ! ಸದಾ ಹಿಂದೆ ಉಳಿದವಳಿಗೆ ಆ ಖುಷಿ ಗೊತ್ತೇ ಇರಲಿಲ್ಲ.

ನಾಟಂಗಿಯಾದ ಅವಾನಾ ಬಂದರಿನಲ್ಲಿ ನಿಂತೆವು. ಹವಳದ ದಿಬ್ಬದ ನಡುವೆ ಸಣ್ಣ ಬಾಗಿಲಿನಂಥ ಜಾಗ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹಿರಿಯರು ಏಳು ದೋಣಿಗಳಲ್ಲಿ ಇಲ್ಲಿಂದಲೇ ನ್ಯೂಜಿಲೆಂಡಿಗೆ ಹೊರಟರು ಅಂತ ಇಲ್ಲಿಯವರು ಹೇಳುತ್ತಾರೆ. ದೋಣಿಗೊಂದರಂತೆ ಏಳು ಕಲ್ಲು ನೆಟ್ಟಿದ್ದಾರೆ. ಆಕ್ಲೆಂಡಿನಲ್ಲಿ ದಿನಾ ಕೇಳುವ ತೈನುಯಿ, ತಕಿತಿಮು ಅನ್ನುವ ದೋಣಿಗಳ ಹೆಸರುಗಳನ್ನು ಅವು ಹೊರಟ ಜಾಗದಲ್ಲೇ ಕೇಳಿದಾಗ ಮೈ ಜುಮ್ಮೆಂದಿತು. ನಮ್ಮ ಜೊತೆಗಿದ್ದ ಮಾವೊರಿ ಗೆಳತಿ ಒಂದು ಕಲ್ಲಿಗೆ ಹಣೆ ತಾಗಿಸಿ ಸುಮ್ನೆ ನಿಂತಳು. ನಾವು ಅಲ್ಲೇ ಮುಕ್ಕಾಲು ಗಂಟೆ ಕೂತೆವು. ಅವಳು "ಹೋಗೋಣ" ಅಂದ ಮೇಲೇ ಎದ್ದದ್ದು. ಮೂರು ಗಂಟೆಯಲ್ಲಿ ದ್ವೀಪ ಸುತ್ತುವವರಿಗೆ ಈ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು ಹೇಳಿ?

ಮಂಗಳವಾರ ಒಳರಸ್ತೆ. ಇದಕ್ಕೆ ಅರಾ ಮೆತುವಾ ಅನ್ನುತ್ತಾರೆ, ಸಾವಿರ ವರ್ಷದ ಹಿಂದಿನ ದಾರಿ ಅನ್ನುವ ನಂಬಿಕೆ. ಒಂದು ಕಾಲದಲ್ಲಿ ಕಲ್ಲು, ಹವಳದ ಚಪ್ಪಡಿ ಹಾಸಿದ್ದರಂತೆ. ಈಗ ಬಹುಪಾಲು ಡಾಂಬರು. ಆದರೆ ಎರಡೂ ಕಡೆ ಕಂಡದ್ದು ನಮ್ಮೂರೇ! ನೀರು ನಿಲ್ಲಿಸಿದ ಕೆಸುವಿನ ಗದ್ದೆ, ಪಪ್ಪಾಯಿ, ಬಾಳೆ, ಅಂಗಳದಲ್ಲಿ ಜೀಗುಜ್ಜೆ ಮರ. ಜೀಗುಜ್ಜೆಗೆ ಅಲ್ಲಿ 'ಕುರು' ಅನ್ನುತ್ತಾರೆ. ಮಧ್ಯಾಹ್ನ ಊಟಕ್ಕೆ ರುಕಾವು ಬಡಿಸಿದರು. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಹದವಾಗಿ ಬೇಯಿಸಿದ್ದು. ಪತ್ರೊಡೆ ತಿಂದು ಬೆಳೆದ ನಾನು ಮೊದಲ ತುತ್ತಿಗೇ ಅಮ್ಮನ ಅಡುಗೆಮನೆಗೆ ಹೋಗಿ ಬಂದೆ. ಹುಣಸೆ, ಮೆಣಸು ಇಲ್ಲ, ನಿಜ. ಆದರೆ ಎಲೆ ಅದೇ, ತೆಂಗು ಅದೇ. ಗಂಟಲು ತುರಿಸಬಾರದು ಅಂತ ಜಾಸ್ತಿ ಬೇಯಿಸುವ ಎಚ್ಚರವೂ ಅದೇ.

ಮನೆಗಳ ಮುಂದೆ ಹಿರಿಯರ ಸಮಾಧಿಗಳಿವೆ. ಭೂಮಿಯನ್ನು ಅಲ್ಲಿ ಮಾರುವ ಹಾಗಿಲ್ಲ. ಅದು ವಂಶದ ಆಸ್ತಿ, ತಾಯಿಯ ಕಡೆಯಿಂದಲೂ ಬರುತ್ತದೆ, ಹೆಣ್ಣುಮಕ್ಕಳಿಗೂ ಹಕ್ಕಿದೆ. 1888ರಲ್ಲಿ ದ್ವೀಪ ಬ್ರಿಟಿಷರ ರಕ್ಷಣೆಗೆ ಒಳಪಟ್ಟಾಗ ಇಲ್ಲಿಯ ದೊಡ್ಡ ಒಡತಿ ಮಾಕೆಯಾ ತಕಾವು ಅನ್ನುವ ಅರಸಿ. ಮಾಮಾಗಳು ಮಾತಾಡುವ ಧೈರ್ಯ, ನಡೆಯುವ ಠೀವಿ ನೋಡಿದರೆ ಅದು ಆಶ್ಚರ್ಯ ಅನ್ನಿಸಲಿಲ್ಲ.

ಅದೇ ದಿನ ಸಂಜೆ ಒಂದು ಮನೆಯ ಜಗಲಿಯಲ್ಲಿ ತಿವೈವೈ ಹೊಲಿಯುವ ಹೆಂಗಸರ ಜೊತೆ ಕೂರಿಸಿದರು. ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿಟ್ಟು ಹೂವು, ಎಲೆಗಳ ಚಿತ್ತಾರ ಹೊಲಿದ ದೊಡ್ಡ ಹೊದಿಕೆ. ಒಬ್ಬರೇ ಹೊಲಿಯುವುದು ಕಡಿಮೆ, ಗುಂಪಾಗಿ ಸುತ್ತ ಕೂತು ಹೊಲಿಯುತ್ತಾರೆ. ಆ ಗುಂಪಿಗೆ ವೈನೆತಿನಿ ಅಂತ ಹೆಸರು. ಮಾರುವುದಕ್ಕಿಂತ ಕೊಡುವುದಕ್ಕೇ ಜಾಸ್ತಿ ಹೊಲಿಯುತ್ತಾರೆ. ಮದುವೆಗೆ, ಹುಡುಗನ ಮೊದಲ ಕೂದಲು ಕತ್ತರಿಸುವ ಶಾಸ್ತ್ರಕ್ಕೆ, ಕೊನೆಗೆ ತೀರಿಕೊಂಡವರ ಜೊತೆ ಮಣ್ಣಿಗೆ. ಹುಬ್ಬಳ್ಳಿ ಗೆಳತಿ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ "ನಮ್ಮವ್ವನ ಕೌದಿ ಇದ್ದಂಗ ಐತಲ್ಲ" ಅಂದು ಅತ್ತುಬಿಟ್ಟಳು. ಅವಳ ತಾಯಿ ಹೋಗಿ ಎರಡು ವರ್ಷ. ಪಕ್ಕದ ಮಾಮಾ ಸೂಜಿ ಚುಚ್ಚಿಟ್ಟು, ಭಾಷೆ ತಿಳಿಯದಿದ್ದರೂ ಅವಳ ಕೈ ಹಿಡಿದುಕೊಂಡು ಕೂತರು.

ತಮ್ಮನಿಗೆ ಹೇಳಬೇಕಾದ್ದು ಇದು. ಮನೆಯವರ ಜೊತೆ ಎಷ್ಟು ಊರಿಗೆ ಹೋಗಿದ್ದೇನೆ! ಎಲ್ಲ ಕಡೆಯೂ ಟಿಕೆಟ್ ಚೀಲ ನನ್ನ ಹೆಗಲಲ್ಲಿ, ಮಾತ್ರೆ ಡಬ್ಬಿ ನನ್ನ ಕೈಯಲ್ಲಿ. ಯಾರಿಗೆ ಹಸಿವು, ಯಾರ ಟವೆಲ್ ಒದ್ದೆ, ನಾಳೆ ಎಷ್ಟು ಗಂಟೆಗೆ ಏಳಬೇಕು, ಎಲ್ಲ ನನ್ನ ತಲೆಯಲ್ಲಿ. ಪ್ರೀತಿಯಿಂದಲೇ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಆದರೆ ಐವತ್ತೊಂದು ವರ್ಷದಲ್ಲಿ ಮೊದಲ ಸಲ ಬೇರೆ ಯಾರೋ "ನೀರು ಕುಡಿದೆಯಾ?" ಅಂತ ನನ್ನನ್ನು ಕೇಳಿದರು. ದಾರಿ ಅವರು ನೋಡಿಕೊಂಡರು. ನಾನು ಸಮುದ್ರ ನೋಡಿದೆ. ಗೈಡ್ ಇಟ್ಟುಕೊಳ್ಳುವುದು ಕೈಲಾಗದವರ ಕೆಲಸ ಅನ್ನುವವರು ಇದನ್ನು ಒಮ್ಮೆ ಯೋಚಿಸಿ.

ದುಡ್ಡು ಜಾಸ್ತಿಯೇ, ಒಪ್ಪುತ್ತೇನೆ. ಎಲ್ಲರೂ ರಾರೊಟೊಂಗಾಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದಾಗ ಊರಿನ ರಸ್ತೆಯಲ್ಲಿ ಎರಡು ಜಡೆಯ ಹುಡುಗಿಯರ ಸಾಲು ನೋಡಿ ಎಷ್ಟು ಸಂತೋಷವಾಗಿತ್ತು. ನಾನು ಕಲಿತದ್ದು ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡೆದು. ಆ ಹುಡುಗಿಯರಿಗೆ ಸ್ವಂತದ್ದು ಸಿಕ್ಕಿತು. ಆದರೆ ನಮ್ಮ ನೆಂಟರ ಮನೆಗಳಲ್ಲೇ ನೋಡಿದ್ದೇನೆ, ಹತ್ತನೇ ಕ್ಲಾಸು ಮುಗಿದ ಮೇಲೆ ಸೈಕಲ್ ತಮ್ಮನಿಗೆ ಹೋಗುತ್ತದೆ, ಇಲ್ಲವೇ ಹಟ್ಟಿಯ ಗೋಡೆಗೆ ಒರಗುತ್ತದೆ. ಆ ಹುಡುಗಿಯರಲ್ಲಿ ಮೊದಲಿನವರಿಗೆ ಈಗ ಮೂವತ್ತು ದಾಟಿದೆ. ನಾಲ್ಕೈದು ಜನ ಸೇರಿ, ಭಾನುವಾರ ಬೆಳಿಗ್ಗೆ, ಹತ್ತು ಕಿಲೋಮೀಟರ್ ಹೋಗಿ ಬನ್ನಿ. ಮಾಮಾ ಮಾಡಿದ ನಿಯಮ ಇಟ್ಟುಕೊಳ್ಳಿ, ಅದಕ್ಕೆ ದುಡ್ಡು ಬೇಡ.

ಹೋಗುವವರಿದ್ದರೆ ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ನವೆಂಬರಿನಿಂದ ಏಪ್ರಿಲ್ ಸೈಕ್ಲೋನ್ ಕಾಲ.

ಬುಧವಾರ ಕೊನೆಯ ದಿನ. ಪಶ್ಚಿಮದ ಅರೊರಾಂಗಿ ಕಡೆ ತಿರುಗಿದ ಮೇಲೆ ಅದೇ ಗಾಳಿ ಬೆನ್ನಿಗೆ ಬಂತು, ಪೆಡಲ್ ತಾನಾಗಿ ತಿರುಗಿತು. ಸತ್ತವರ ಆತ್ಮ ಸಮುದ್ರಕ್ಕಿಳಿದು ಹೊರಡುವುದು ಇಲ್ಲಿಂದ ಅನ್ನುವ ಕಪ್ಪು ಬಂಡೆಯ ಹತ್ತಿರ ನನ್ನ ಚೈನ್ ಕಳಚಿತು. ಮಾಮಾನ ತಂಗಿಯ ಮಗಳು ಕೂರಿಸಲು ಬಂದಳು, ಬೇಡ ನಾನೇ ಹಾಕುತ್ತೇನೆ ಅಂದೆ. ಕೈಯೆಲ್ಲ ಗ್ರೀಸ್. ನಿಕಾವೊ ದಾಟಿ ವಿಮಾನ ನಿಲ್ದಾಣದ ಕಟ್ಟೆಗೆ ತಲುಪುವಾಗ ನಾನೇ ಕೊನೆಯವಳು. ಏಳು ಸೈಕಲ್ ಕಟ್ಟೆಗೆ ಒರಗಿದ್ದವು. ಒಬ್ಬಳೂ ಸೀಟಿನ ಮೇಲೆ ಇರಲಿಲ್ಲ. ಮಾಮಾ ಎಳನೀರು ಕೆತ್ತಿ ಇಟ್ಟಿದ್ದರು. ಪೂರ್ತಿ ಕುಡಿದೆ. ಒಡೆಸಿ ಗಂಜಿಯನ್ನೂ ಕೆರೆದು ತಿಂದೆ. ಯಾರೂ ಗಡಿಯಾರ ನೋಡಲಿಲ್ಲ. ಕೈ ಒರೆಸಿಕೊಂಡು ಎದ್ದು, ಕನ್ನಡದಲ್ಲೇ "ಹೋಗೋಣ" ಅಂದೆ. ಎಲ್ಲರಿಗೂ ಅರ್ಥವಾಯಿತು.