ಹುಣಸೆಹುಳಿ ಹಾಕಿ ಉಜ್ಜಬೇಡಿ ಮಾರಾಯ್ರೇ

ನಮ್ಮ ದೊಡ್ಡಜ್ಜ ಎರಡನೇ ಮಹಾಯುದ್ಧಕ್ಕೆ ಬರ್ಮಾಕ್ಕೆ ಹೋಗಿದ್ದವರು. ಅವರ ಗುರುತು ಅಂತ ಮನೆಯಲ್ಲಿ ಉಳಿದದ್ದು ಒಂದೇ. ಹಿತ್ತಾಳೆ ಬಣ್ಣದ, ಆರು ಮೂಲೆಯ ನಕ್ಷತ್ರ. ಬರ್ಮಾ ಸ್ಟಾರ್ ಅನ್ನುವ ಯುದ್ಧದ ಮೆಡಲ್. ವರ್ಷವರ್ಷವೂ ಆಯುಧಪೂಜೆಗೆ ಕತ್ತಿ, ಹಾರೆ, ಕಾಲುದೀಪದ ಜೊತೆ ಅದೂ ಅಂಗಳಕ್ಕೆ ಬರುತ್ತಿತ್ತು. ಹುಣಸೆಹುಳಿ, ಬೂದಿ, ತೆಂಗಿನ ನಾರು. ಉಜ್ಜುವ ಕೆಲಸ ನನ್ನದು. ಫಳಫಳ ಹೊಳೆದರೆ ಅಜ್ಜಿ "ಈಗ ಸಮ ಆಯ್ತು ಮಗಾ" ಅನ್ನುತ್ತಿದ್ದರು.

ಸಮ ಆಗಿರಲಿಲ್ಲ. ನಕ್ಷತ್ರದ ಹಿಂಬದಿಯಲ್ಲಿ ಅವರ ನಂಬರು, ಹೆಸರು, ಪಡೆ ಎಲ್ಲವನ್ನೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ್ದರು. ಈಗ ಭೂತಗನ್ನಡಿ ಹಿಡಿದರೂ ನಂಬರಿನ ಮೊದಲ ಮೂರು ಅಂಕಿ, ಹೆಸರಿನ ಕೊನೆಯ ಎರಡಕ್ಷರ ಮಾತ್ರ ಕಾಣುತ್ತದೆ. ಉಳಿದದ್ದನ್ನು ಹುಳಿನೀರಿನ ಜೊತೆ ತೆಂಗಿನ ಬುಡಕ್ಕೆ ಚೆಲ್ಲಿದವನು ನಾನೇ.

ಆಮೇಲೆ ಗೊತ್ತಾದದ್ದು ಇನ್ನೂ ಹೊಟ್ಟೆ ಉರಿಸುವಂಥದ್ದು. ಬ್ರಿಟಿಷ್ ಸರ್ಕಾರ ತನ್ನ ಸೈನಿಕರಿಗೆ ಕೊಟ್ಟ ಬರ್ಮಾ ಸ್ಟಾರ್‌ನಲ್ಲಿ ಹೆಸರೇ ಇಲ್ಲ. ಬೋಳು. ಭಾರತದ ಸೈನಿಕರಿಗೆ ಕೊಟ್ಟದ್ದರಲ್ಲಿ ಹೆಸರು ಒತ್ತಿದ್ದರು. ಲಂಡನ್ನಿನವನ ಮೊಮ್ಮಗನಿಗಿಲ್ಲದ ಭಾಗ್ಯ ನಮಗಿತ್ತು, ನಾವೇ ಉಜ್ಜಿ ಕಳೆದೆವು.

ಹಳೇ ಮಿಲಿಟರಿ ಸಾಮಾನು ಸೇರಿಸುವ ಹುಚ್ಚು ನನಗೆ ಹಿಡಿದದ್ದು ಹೀಗೆ. ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ಹೊಸದುರ್ಗ ಕಡೆಯ ಎಂಟು ಜನ ಸೇರುತ್ತೇವೆ. ತಿಂಗಳಿಗೊಂದು ಭಾನುವಾರ, ಯಾರದಾದರೂ ಮನೆಯ ಜಗಲಿಯಲ್ಲಿ. ಚಾ, ಗೋಳಿಬಜೆ. ಎಣ್ಣೆ ಕೈಯಲ್ಲಿ ಏನನ್ನೂ ಮುಟ್ಟುವಂತಿಲ್ಲ, ಅದೊಂದೇ ನಿಯಮ. ಹೊಸದುರ್ಗದ ಗೆಳೆಯನಿಗೆ ಕಾಗದದ ಗೀಳು. 56 ಎ.ಪಿ.ಒ., 99 ಎ.ಪಿ.ಒ. ಅಂತ ವಿಳಾಸ ಇರುವ ಲಕೋಟೆ ಮಾತ್ರ ಬೇಕು ಅವನಿಗೆ. ಎ.ಪಿ.ಒ. ಅಂದರೆ ಸೈನ್ಯದ ಅಂಚೆ ಕಚೇರಿ. ಊರಿನ ಹೆಸರಿಲ್ಲ, ಬರೀ ನಂಬರು. ಗಂಡ ಹಿಮದಲ್ಲಿದ್ದಾನೋ ಮರಳಲ್ಲಿದ್ದಾನೋ ಗೊತ್ತಿಲ್ಲದೆ ಹೆಂಡತಿ ಅದೇ ನಂಬರಿಗೆ ಬರೆಯುತ್ತಿದ್ದಳು, ಅಡಿಕೆ ಎಷ್ಟಕ್ಕೆ ಹೋಯ್ತು, ದನ ಕರು ಹಾಕಿತು ಅಂತ.

ನಮ್ಮಲ್ಲಿ ನಿಜವಾಗಿ ಗೊತ್ತಿರುವವರು ನಿವೃತ್ತ ಸುಬೇದಾರರೊಬ್ಬರು, ಮದ್ರಾಸ್ ರೆಜಿಮೆಂಟಿನವರು. ರಿಬ್ಬನ್ ನೋಡಿಯೇ ಹೇಳುತ್ತಾರೆ, ಇದು 1965ರ ಸಮರ ಸೇವಾ ಸ್ಟಾರ್, ಇದು 1971ರ ಪಶ್ಚಿಮಿ ಸ್ಟಾರ್, ಇದು ಪೂರ್ವಿ. ಒಮ್ಮೆ ಒಬ್ಬ ಹುಡುಗ ಗುಜರಿಯಲ್ಲಿ ಸಿಕ್ಕ ಮೆಡಲುಗಳನ್ನೆಲ್ಲ ಅಂಗಿಗೆ ಚುಚ್ಚಿಕೊಂಡು ರೀಲ್ಸ್ ಮಾಡಿದ. ಸುಬೇದಾರರು ಬೈಯಲಿಲ್ಲ. ಚಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಇಟ್ಟುಕೊಳ್ಳಬಹುದು, ತೋರಿಸಬಹುದು, ಬೇರೆಯವರ ಮೆಡಲನ್ನು ಎದೆಗೆ ಹಾಕಿಕೊಳ್ಳಬಾರದು. ಹಾಗೇ ಜೀವಂತ ಗುಂಡು ತಂದು ಶೋಕೇಸಿನಲ್ಲಿಡುವವರೂ ಇದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಸುಮ್ನೆ ಬಿಡುವುದಿಲ್ಲ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ವಿದೇಶಕ್ಕೆ ಮಾರುವುದೂ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ತಪ್ಪು. ಮೊದಲ ಮಹಾಯುದ್ಧದ ಮೆಡಲುಗಳಿಗೆ ಈಗ ನೂರು ತುಂಬಿದೆ, ನೆನಪಿರಲಿ.

ಆ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಕಥೆ ನನಗೆ ಭಾರೀ ಇಷ್ಟ. ಕಾದಾಡಿದವರಿಗೆ ಬೆಳ್ಳಿಯದ್ದು, ಮೂಟೆ ಹೊತ್ತ ಕೂಲಿ ಪಡೆಯವರಿಗೆ ಕಂಚಿನದ್ದು. ಬೆಳ್ಳಿಯದ್ದು ಸುಮಾರು 65 ಲಕ್ಷ, ಕಂಚಿನದ್ದು ಬರೀ ಒಂದು ಲಕ್ಷದ ಆಸುಪಾಸು. ಬೆಳ್ಳಿ ರೇಟು ಏರಿದಾಗೆಲ್ಲ ಎಷ್ಟೋ ಬೆಳ್ಳಿ ಮೆಡಲುಗಳು ಕರಗಿ ಕಾಲುಚೈನು ಆದವು. ಇವತ್ತು ಸಂಗ್ರಹಕಾರರು ಹೆಚ್ಚು ದುಡ್ಡು ಕೊಡುವುದು ಕೂಲಿಯವನ ಕಂಚಿಗೆ!

ಬೆಲೆ ಮಾತು ಬಂದರೆ ಹೊಸಬರು ಮೊದಲು ಕೇಳುವುದೇ "ಇದು ಎಷ್ಟಕ್ಕೆ ಹೋಗ್ತದೆ?" ಅಂತ. ಮೊದಲು ಅಂಚು ಓದಿ. ದುಂಡನೆಯ ಮೆಡಲಾದರೆ, ಹೆಸರು ಒತ್ತಿದ್ದರೆ ಸಾಮಾನ್ಯವಾಗಿ ಅಂಚಿನಲ್ಲೇ ಇರುತ್ತದೆ.

ಹೋದ ವರ್ಷ ಗುಜರಿ ಅಂಗಡಿಯ ಇಚ್ಚ ಫೋನ್ ಮಾಡಿದರು. "ಮಾಷ್ಟ್ರೇ, ನಿಮ್ಮ ಮಿಲಿಟರಿ ಬಿಲ್ಲೆ ಒಂದು ಬಂದಿದೆ. ತೂಕಕ್ಕೆ ಹಾಕ್ಲಾ, ಇಡ್ಲಾ?" ಓಡಿದೆ. ಎರಡನೇ ಮಹಾಯುದ್ಧದ ವಾರ್ ಮೆಡಲ್. ಒಂದು ಬದಿಯಲ್ಲಿ ರಾಜನ ತಲೆ, ಇನ್ನೊಂದು ಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ತುಳಿದು ನಿಂತ ಸಿಂಹ. ಯಾರೂ ಉಜ್ಜಿರಲಿಲ್ಲ, ಕರ‍್ರಗಿತ್ತು. ಅಂಚಿನಲ್ಲಿ ನಂಬರು, ಸಿಪಾಯಿ ಅಂತ, ಒಂದು ಹೆಸರು, ಕೊನೆಗೆ ಮಣಿಯಾಣಿ ಅಂತ ಸಮುದಾಯದ ಹೆಸರು.

ನಮ್ಮ ಕಡೆ ಮಣಿಯಾಣಿಗಳಿಗೆ ಬರವೇ? ಇಂಗ್ಲಿಷಿನಲ್ಲಿ ಹೆಸರು ಬರೆದ ಗುಮಾಸ್ತ ಬೇರೆ ಅದರ ಕುತ್ತಿಗೆ ತಿರುಚಿದ್ದ. ಎಂಟೂ ಜನ ಹುಡುಕಿದೆವು. ದೈವದ ಕಳಿಯಾಟಕ್ಕೆ ಹೋದಲ್ಲಿ ಕೇಳಿದೆವು, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದೆವು. ಏಳು ತಿಂಗಳ ಮೇಲೆ ಮನೆ ಸಿಕ್ಕಿತು. ಜಗಲಿಯಲ್ಲಿ ಕೂತಿದ್ದ ಮುದುಕಿ ಮೆಡಲನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು. ಅಪ್ಪನದ್ದಂತೆ. ಮನೆ ರಿಪೇರಿ ಮಾಡುವಾಗ ಹಳೇ ಟ್ರಂಕಿನ ಜೊತೆ ಮೊಮ್ಮಗನೇ ಗುಜರಿಗೆ ಕೊಟ್ಟದ್ದಂತೆ.

ಅವನು ಮೊಬೈಲಲ್ಲಿ ಎರಡು ಫೋಟೋ ತೆಗೆದುಕೊಂಡ. ಮುದುಕಿ ಮೆಡಲನ್ನು ನನಗೇ ವಾಪಸ್ ಕೊಟ್ಟರು. "ನೀವೇ ಇಟ್ಕೊಳ್ಳಿ ಮಾಷ್ಟ್ರೇ. ಇಲ್ಲಿದ್ರೆ ಇವ ಪುನಃ ಮಾರ್ತಾನೆ. ನೋಡ್ಬೇಕು ಅನ್ಸಿದ್ರೆ ಫೋನ್ ಮಾಡ್ತೇನೆ."

ಎರಡು ಸಲ ಮಾಡಿದ್ದಾರೆ. ಎರಡು ಸಲವೂ ತಗೊಂಡು ಹೋಗಿದ್ದೇನೆ.