ತೂಕ

ಮೊನ್ನೆ ಭಾನುವಾರ ನಮ್ಮ ಫ್ಲ್ಯಾಟ್ ಮಾಲೀಕರ ಸಂಘದ ಮಹಾಸಭೆಯಲ್ಲಿ ಭೂಕಂಪ ತಡೆಯುವಂತೆ ಕಟ್ಟಡದ ಪಿಲ್ಲರುಗಳನ್ನು ಗಟ್ಟಿ ಮಾಡಿಸೋಣ ಎಂಬ ನನ್ನ ಪ್ರಸ್ತಾವಕ್ಕೆ ನಾಲ್ಕನೆಯ ವರ್ಷವೂ ಅದೇ ಉತ್ತರ ಸಿಕ್ಕಿತು: "ತೂಕ." ತುಳು ಬಾರದವರಿಗಾಗಿ ಹೇಳುತ್ತೇನೆ, ತುಳುವಿನಲ್ಲಿ ತೂಕ ಎಂದರೆ ನೋಡೋಣ. ಮಂಗಳೂರಿನಲ್ಲಿ ಬೇಡ ಎನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ಮಾತು ಇನ್ನೊಂದಿಲ್ಲ. ಕನ್ನಡದ ತೂಕದ ಬಗ್ಗೆ ಮಾತಾಡಲು ಹೋದವಳು ತುಳುವಿನ ತೂಕ ಹೊತ್ತುಕೊಂಡು ಮೂರನೆಯ ಮಹಡಿಗೆ ಹತ್ತಿ ಬಂದೆ. ಲಿಫ್ಟ್ ಅಂದು ಕೆಟ್ಟಿತ್ತು.

ನಮ್ಮ ಕಟ್ಟಡ 1996ರದ್ದು. ನೆಲಮಟ್ಟದಲ್ಲಿ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು, ಒಟ್ಟು ಹದಿನಾರು ಮನೆ. ಬಿಜೈ, ಕದ್ರಿ, ಕೊಡಿಯಾಲಬೈಲು ಸುತ್ತಿದರೆ ಆ ಕಾಲದ ಇಂಥ ಕಟ್ಟಡಗಳು ಎಷ್ಟಾದರೂ ಸಿಗುತ್ತವೆ. ಕೆಳಗೆ ಬರೀ ಪಿಲ್ಲರುಗಳು, ಮೇಲೆ ಗೋಡೆ ತುಂಬಿದ ಪೆಟ್ಟಿಗೆ. ನೆಲ ಅಲುಗಿದರೆ ಮೇಲಿನ ಪೆಟ್ಟಿಗೆ ಇಡಿಯಾಗಿ ಸರಿಯುತ್ತದೆ. ಬಾಗುವ, ಮುರಿಯುವ ಕಷ್ಟವೆಲ್ಲ ಕೆಳಗಿನ ಪಿಲ್ಲರುಗಳ ಪಾಲಿಗೆ. ಉದ್ದ ಕಾಲಿನ ಸ್ಟೂಲಿನ ಮೇಲೆ ಅಕ್ಕಿಮುಡಿ ಇಟ್ಟು ಸ್ಟೂಲನ್ನು ಥಟ್ಟನೆ ಎಳೆದರೆ ಏನಾದೀತು, ಅದೇ.

"ಇಲ್ಲಿ ಎಲ್ಲಿಯ ಭೂಕಂಪ ಮಾರಾಯ್ರೆ" ಎಂದು ಸಭೆಯಲ್ಲಿ ಕೇಳಿದವರು ನನ್ನ ಎದುರು ಮನೆಯ ನಿವೃತ್ತ ಪ್ರಾಧ್ಯಾಪಕರು. ಪ್ರಶ್ನೆ ತಪ್ಪಲ್ಲ. ಮಂಗಳೂರು 2002ರ ಭೂಕಂಪ ನಕ್ಷೆಯ ಮೂರನೆಯ ವಲಯದಲ್ಲಿದೆ, ಅಂದರೆ ಮಧ್ಯಮ ಅಪಾಯ. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆ ನೆಲ ಮತ್ತೆ ಮತ್ತೆ ಗುಡುಗಿದಾಗಲೂ ತೀವ್ರತೆ 3ರ ಆಸುಪಾಸಿನಲ್ಲೇ ಇತ್ತು. ನಮ್ಮ ವಾಟ್ಸ್ಆಪ್ ಗುಂಪಿನಲ್ಲಿ ನಾಲ್ಕು ದಿನ ಭಯ, ಐದನೆಯ ದಿನ ಹಲಸಿನ ಹಪ್ಪಳದ ಆರ್ಡರು. ನಾಳೆಯೇ ಕಟ್ಟಡ ಬೀಳುತ್ತದೆಂದು ಹೆದರಿಸುವವಳು ನಾನಲ್ಲ. ಆದರೆ ಆ ನಕ್ಷೆಯಲ್ಲಿ ಅಹಮದಾಬಾದ್ ಕೂಡ ಮೂರನೆಯ ವಲಯದಲ್ಲೇ ಇದೆ. 2001ರ ಜನವರಿ 26ರಂದು ಭೂಮಿ ನಡುಗಿದ್ದು ಇನ್ನೂರು ಕಿಲೋಮೀಟರಿಗೂ ಆಚೆ, ಕಛ್‌ನಲ್ಲಿ. ಬಿದ್ದದ್ದು ಅಹಮದಾಬಾದಿನ ಬಹುಮಹಡಿಗಳೂ ಹೌದು, ಅವುಗಳಲ್ಲಿ ಬಹಳಷ್ಟು ನಮ್ಮದೇ ತರಹ ಕೆಳಗೆ ಕಾರು, ಮೇಲೆ ಮನೆ. ಮರುವರ್ಷ ಭೂಕಂಪ ಸಂಹಿತೆ, ಅಂದರೆ ಭೂಕಂಪ ತಡೆಯುವಂತೆ ಕಟ್ಟುವ ನಿಯಮಗಳು, ಬದಲಾಯಿತು. ಕೆಳಗೆ ಗೋಡೆಯಿಲ್ಲದ ಅಂತಸ್ತಿದ್ದರೆ ಅಲ್ಲಿನ ಪಿಲ್ಲರು, ಬೀಮುಗಳನ್ನು ಎರಡೂವರೆ ಪಟ್ಟು ಬಲಕ್ಕೆ ಲೆಕ್ಕ ಹಾಕಬೇಕು ಎಂದು 2002ರ ಆವೃತ್ತಿ ಹೇಳಿತು. ನಮ್ಮ ಪಿಲ್ಲರುಗಳಿಗೆ ಆಗಲೇ ಆರು ವರ್ಷ ವಯಸ್ಸು. ಅವು ಆ ಪಾಠ ಓದಿಲ್ಲ.

ಈಗ ಖರ್ಚಿನ ಮಾತು. ಕಳೆದ ಮಳೆಗಾಲದಲ್ಲಿ ಮೂಲೆಯ ಪಿಲ್ಲರಿನ ಸಾರಣೆ ಉದುರಿ ಒಳಗಿನ ಸರಳು ಕಾಣಿಸಿತು. ಅದರ ಸುತ್ತ ಕಟ್ಟಿದ್ದ ರಿಂಗು ತುಕ್ಕು ಹಿಡಿದು ಚಕ್ಕುಲಿಯ ಹಾಗೆ ಕೈಗೆ ಬಂತು. ಪರೀಕ್ಷೆಗೆ ಬಂದ ಎಂಜಿನಿಯರ್ ಹುಡುಗ ಸಾವಧಾನಿ. ಸುತ್ತಿಗೆಯಂಥ ಉಪಕರಣದಿಂದ ಒಂದೊಂದೇ ಪಿಲ್ಲರು ತಟ್ಟಿ ನೋಡಿದ, ನಾಲ್ಕು ಕಡೆ ಕಾಂಕ್ರೀಟಿನ ತುಂಡು ಕೊರೆದು ಒಯ್ದ. ಆ ಕಾಲದಲ್ಲಿ ಅಳಿವೆಯ ಮರಳನ್ನು ಸರಿಯಾಗಿ ತೊಳೆಯದೆ ಬಳಸಿರಬೇಕು ಎಂದು ಅವನ ಅನುಮಾನ. ಮರಳಿನಲ್ಲೂ ಉಪ್ಪು, ಗಾಳಿಯಲ್ಲೂ ಉಪ್ಪು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ. ಹೊರಗೆ ಸಿಮೆಂಟು ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲ ಚಂದ ಕಾಣುತ್ತದೆ, ಅಷ್ಟೇ.

ಅವನ ಅಂದಾಜು 44 ಲಕ್ಷ. ಇಪ್ಪತ್ತನಾಲ್ಕು ಪಿಲ್ಲರುಗಳ ತುಕ್ಕು ಕೆರೆದು, ಸುತ್ತ ಹೊಸ ಸರಳು ನಿಲ್ಲಿಸಿ, ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಿ ಕಾಂಕ್ರೀಟಿನ ಹೊದಿಕೆ ಹಾಕುವುದು. ಕಾರಿನ ಜಾಗದಲ್ಲಿ ನಾಲ್ಕು ಕಡೆ ಪಿಲ್ಲರಿನಿಂದ ಪಿಲ್ಲರಿಗೆ ಗಟ್ಟಿ ಗೋಡೆ ಎಬ್ಬಿಸುವುದು. ಮನೆಯೊಂದಕ್ಕೆ 2.75 ಲಕ್ಷ. ಸಭೆಯಲ್ಲಿ ಈ ಅಂಕಿ ಓದಿದಾಗ ಫ್ಯಾನಿನ ಸದ್ದು ಕೇಳಿಸಿತು.

ಆಮೇಲೆ ಬಂದ ತಕರಾರುಗಳನ್ನು ಕೇಳಿ. ಪಿಲ್ಲರು ನಾಲ್ಕೂ ಬದಿಗೆ ನಾಲ್ಕಿಂಚು ದಪ್ಪವಾದರೆ ನನ್ನ ಕಾರು ತಿರುಗುವುದಿಲ್ಲ ಎಂದರು ಒಬ್ಬರು. ಇದು ನಿಜ, ನಾನೇ ಟೇಪು ಹಿಡಿದು ಅಳೆದಿದ್ದೇನೆ. ಮಸ್ಕತ್‌ನಲ್ಲಿರುವ ಮಾಲೀಕರು ಫೋನಿನಲ್ಲಿ "ಮೇಡಂ, ನಾನು ಹೇಗೂ ಮಾರುವವನು, ಬರುವವರು ಕೊಡಲಿ" ಎಂದರು. ಇನ್ನೂ ಕೆಲವರ ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬರಲಿಲ್ಲ: ಯಾರಾದರೂ ಬಿಲ್ಡರ್ ಬಂದು ಇದನ್ನು ಕೆಡವಿ ಹದಿನೈದು ಮಹಡಿ ಕಟ್ಟುತ್ತಾನೆ, ನಮಗೆ ಹೊಸ ಮನೆ ಸಿಗುತ್ತದೆ, ಬೀಳುವ ಕಟ್ಟಡಕ್ಕೆ ಯಾಕೆ ದುಡ್ಡು ಸುರಿಯಬೇಕು. ಸಭೆಗೆ ಮೊದಲೇ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಸಂಘ ಏನನ್ನು ಅಡವಿಡುತ್ತದೆ ಎಂದು ಕೇಳಿದರು. ಮೂವತ್ತೊಂದು ವರ್ಷ ನಾನೂ ಬೇರೊಂದು ಬ್ಯಾಂಕಿನಲ್ಲಿ ಕುಳಿತು ಅದೇ ಪ್ರಶ್ನೆ ಕೇಳಿದವಳು, ಹಾಗಾಗಿ ಸಿಟ್ಟು ಬರಲಿಲ್ಲ.

ಬ್ಯಾಂಕಿನ ಚಾಳಿ ಬಿಡಲಿಲ್ಲ. ಅಂದು ಬ್ಯಾಂಕಿನಿಂದ ಮನೆಗೆ ಬಂದವಳೇ ಸಂಘದ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದೆ. 2004ರಲ್ಲಿ ತಾರಸಿ ಸೋರುತ್ತದೆಂದು ಮೇಲೊಂದು ಪದರ ಕಾಂಕ್ರೀಟು, 2 ಲಕ್ಷ. 2011ರಲ್ಲಿ ಅದೂ ಸೋರಿತೆಂದು ಅದರ ಮೇಲೆ ಇನ್ನೊಂದು ಪದರ, 4 ಲಕ್ಷ. 2018ರಲ್ಲಿ ಇಡೀ ತಾರಸಿಗೆ ಶೀಟಿನ ಮಾಡು, 8 ಲಕ್ಷ. 2022ರಲ್ಲಿ ಹೊರಗಿನ ಬಣ್ಣ, 11 ಲಕ್ಷ. ಒಟ್ಟು 25 ಲಕ್ಷ. ದುಡ್ಡಿಲ್ಲ ಎನ್ನುವ ಸಂಘವೇ ಸದ್ದಿಲ್ಲದೆ ಇಷ್ಟು ಖರ್ಚು ಮಾಡಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಸುರಿಯುವ ಊರಿನಲ್ಲಿ ಸೋರಿಕೆಗೆ ದುಡ್ಡು ಕೊಡದವರು ಯಾರು? ಮೇಲಿನ ಮಹಡಿಯವರ ಹಾಸಿಗೆ ಒದ್ದೆಯಾದರೆ ಒಂದೇ ವಾರದಲ್ಲಿ ತೀರ್ಮಾನ.

ಇಲ್ಲಿ ನನಗೆ ಹೊಳೆದದ್ದನ್ನು ಹೇಳಲೆಂದೇ ಇಷ್ಟು ಉದ್ದ ಬರೆದೆ. ಭೂಕಂಪ ಕಟ್ಟಡವನ್ನು ಹೊರಗಿನಿಂದ ಬಂದು ತಳ್ಳುವುದಿಲ್ಲ. ನೆಲ ಸರಿಯುತ್ತದೆ, ಕಟ್ಟಡದ ಸ್ವಂತ ತೂಕವೇ ಅದನ್ನು ಅಡ್ಡಕ್ಕೆ ಎಳೆಯುತ್ತದೆ. ಸಂಹಿತೆಯ ಸೂತ್ರದಲ್ಲಿ ಬಲವೆಂದರೆ ತೂಕದ ಒಂದು ಪಾಲು. ನಮ್ಮ ವಲಯದಲ್ಲಿ, ನಮ್ಮಂಥ ಹಳೆಯ ಕಟ್ಟಡಕ್ಕೆ ಆ ಪಾಲು ನೂರು ಟನ್ನಿಗೆ ಆರೇಳು ಟನ್. ತೂಕ ಎಷ್ಟು ಮೇಲಿದೆಯೋ ಅದರ ಕಾಟವೂ ಅಷ್ಟು ಹೆಚ್ಚು. ನಮ್ಮ ತಾರಸಿ ನಾಲ್ಕು ಸಾವಿರ ಚದರಡಿ. ಸೋರಿಕೆಯ ಹೆಸರಿನಲ್ಲಿ ಹೇರಿದ ಎರಡು ಪದರ ಸೇರಿ ನಾಲ್ಕಿಂಚು. ಗುಣಿಸಿ ನೋಡಿ, 80 ಟನ್ ದಾಟುತ್ತದೆ. ಹದಿನಾರು ಮನೆಯವರ ಕಾರುಗಳನ್ನೆಲ್ಲ ತಾರಸಿಗೆ ಏರಿಸಿದರೂ ಇಷ್ಟು ಭಾರವಾಗದು. ಆರು ಲಕ್ಷ ಕೊಟ್ಟು ನಾವು ಕಟ್ಟಡದ ನೆತ್ತಿಯ ಮೇಲೆ ಭೂಕಂಪವನ್ನು ಇಟ್ಟುಕೊಂಡಿದ್ದೇವೆ. ಶೀಟಿನ ಮಾಡು ಬಂದ ಮೇಲೆ ಆ ಪದರಗಳಿಗೆ ಕೆಲಸವೇ ಇಲ್ಲ. ಪಿಂಚಣಿ ತೆಗೆದುಕೊಂಡು ಮೇಲೆ ಕುಳಿತಿವೆ, ನನ್ನ ಹಾಗೆ.

ಹಾಗಾಗಿ ನನ್ನ ವಾದ ಬದಲಾಗಿದೆ. 44 ಲಕ್ಷವನ್ನು ಭೂಕಂಪದ ಹೆಸರಿನಲ್ಲಿ ಕೇಳುವುದೇ ತಪ್ಪು. ಐವತ್ತು ವರ್ಷದಲ್ಲಿ ಬರದೇ ಇರಬಹುದಾದ ಅತಿಥಿಗೆ ಯಾರೂ ಇಂದೇ ಎಲೆ ಹಾಕುವುದಿಲ್ಲ. ಸೋರಿಕೆಗೆ, ತುಕ್ಕಿಗೆ, ಬಣ್ಣಕ್ಕೆ ಹೇಗೂ ಸುರಿಯುವ ಹಣವನ್ನೇ ಬೇರೆ ಕ್ರಮದಲ್ಲಿ ಸುರಿಯೋಣ. ಮೊದಲು ಮೇಲಿನ ಭಾರ ಇಳಿಸೋಣ. ಆಮೇಲೆ ಕೆಳಗಿನ ಪಿಲ್ಲರುಗಳ ತುಕ್ಕು. ತುಕ್ಕಿಗೆಂದು ಪಿಲ್ಲರನ್ನು ಹೇಗೂ ಕೆರೆಯಬೇಕು, ಆಸರೆ ಕೊಡಬೇಕು. ಅದೇ ಹೊತ್ತಿಗೆ ಹೊದಿಕೆಯನ್ನೂ ಹಾಕಿದರೆ ಅದೇ ಕೆಲಸಕ್ಕೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ. ಬಣ್ಣ ಕೊನೆಗೆ, ದುಡ್ಡು ಉಳಿದರೆ. ಒಂದು ಎಚ್ಚರ ಮಾತ್ರ: ಒಂದು ಮೂಲೆಯ ನಾಲ್ಕು ಪಿಲ್ಲರುಗಳನ್ನಷ್ಟೇ ಗಟ್ಟಿ ಮಾಡಿ ಬಿಟ್ಟರೆ ಕಟ್ಟಡ ಅಲುಗುವಾಗ ಆ ಮೂಲೆಯ ಸುತ್ತ ತಿರುಚಿಕೊಳ್ಳುತ್ತದೆ, ಮೊದಲಿಗಿಂತ ಕೆಡುತ್ತದೆ. ಕಂತಿನಲ್ಲಿ ಮಾಡುವುದಾದರೂ ಯಾವುದರ ಹಿಂದೆ ಯಾವುದು ಎಂಬುದನ್ನು ಎಂಜಿನಿಯರ್ ಹೇಳಬೇಕು, ಖಜಾಂಚಿಯಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ಎಂದು ಮಗಳು ಕೇಳಿದಳು. ಲಾಸ್ ಏಂಜಲೀಸ್ ನಗರ 2015ರಲ್ಲಿ ಕಾನೂನೇ ಮಾಡಿತು. ಕೆಳ ಅಂತಸ್ತು ದುರ್ಬಲವಿರುವ ಮರದ ಕಟ್ಟಡಗಳಿಗೆ ಏಳು ವರ್ಷ ಗಡುವು, ಹಳೆಯ ಕಾಂಕ್ರೀಟು ಕಟ್ಟಡಗಳಿಗೆ ಇಪ್ಪತ್ತೈದು ವರ್ಷ. ಬಾಡಿಗೆ ನಿಯಂತ್ರಣದ ಮನೆಗಳಲ್ಲಿ ಅರ್ಧ ಖರ್ಚನ್ನು ಬಾಡಿಗೆದಾರರಿಂದ ವಸೂಲು ಮಾಡಬಹುದು, ಆದರೆ ತಿಂಗಳಿಗೆ 38 ಡಾಲರ್ ಮೀರುವಂತಿಲ್ಲ. ಓದಲು ಚೆನ್ನಾಗಿದೆ. ಅಲ್ಲಿ ಬಾಡಿಗೆ ಕಟ್ಟಡಕ್ಕೆ ಸಾಮಾನ್ಯವಾಗಿ ಒಬ್ಬ ಮಾಲೀಕ, ನಮ್ಮಲ್ಲಿ ಹದಿನಾರು. ನಮಗೆ ಬೇಕಾದ ಕಾನೂನು ಬೇರೆ. ಫ್ಲ್ಯಾಟ್ ಮಾರುವಾಗ ಋಣಭಾರ ಪತ್ರ ಕೇಳುವ ಹಾಗೆ ಕಟ್ಟಡದ ಪರೀಕ್ಷಾ ವರದಿಯನ್ನೂ ಕೇಳುವಂತಾಗಲಿ. ಮಸ್ಕತ್‌ನವರಿಗೂ ಆಗ ನಮ್ಮ ಪಿಲ್ಲರಿನ ಮೇಲೆ ಪ್ರೀತಿ ಹುಟ್ಟುತ್ತದೆ. ಕೆಲಸ ಮಾಡಿಸಿದ ಕಟ್ಟಡಕ್ಕೆ ಪಾಲಿಕೆ ಕೆಲವು ವರ್ಷ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ.

ಪಾಲಿಕೆ ಎಂದಕೂಡಲೇ ಸಭೆಯಲ್ಲಿ ಕೆಲವರು ಕಣ್ಣು ತಪ್ಪಿಸಿದ್ದು ನನಗೆ ಗೊತ್ತು. ಬಾಲ್ಕನಿ ಮುಚ್ಚಿ ಕೋಣೆ ಮಾಡಿಕೊಂಡವರಿದ್ದಾರೆ. ವರದಿ ಹೊರಗೆ ಹೋದರೆ ನಕ್ಷೆಯೂ ಹೊರಗೆ ಬರುತ್ತದೆ. ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಾಗ ಇವರೇ ಹೆಚ್ಚು ನೊಂದವರು. ಟರ್ಕಿಯಲ್ಲಿ 2018ರಲ್ಲಿ ಅಂಥದೇ ಕ್ಷಮಾದಾನ ಹಂಚಿದರು, ಶುಲ್ಕವೂ ಸಂಗ್ರಹವಾಯಿತು. 2023ರ ಫೆಬ್ರವರಿ 6ರ ಭೂಕಂಪದಲ್ಲಿ ಅಲ್ಲಿ ಸತ್ತವರು ಐವತ್ತು ಸಾವಿರಕ್ಕೂ ಹೆಚ್ಚು. ಎಲ್ಲವೂ ಕ್ಷಮಾದಾನದಿಂದಲೇ ಆಯಿತೆಂದು ಹೇಳಲಾರೆ, ಆದರೆ ರಸೀದಿ ಯಾವ ಪಿಲ್ಲರನ್ನೂ ಎತ್ತಿ ಹಿಡಿದಿಲ್ಲ.

ತೂಕದ ಹುಚ್ಚು ಹಿಡಿದ ಮೇಲೆ ಎಲ್ಲಿ ಹೋದರೂ ಅದೇ ಕಾಣುತ್ತದೆ. ಬ್ರಹ್ಮಾವರದ ಹತ್ತಿರ ನಮ್ಮ ತರವಾಡು ಮನೆಯಿದೆ, ಮುರಕಲ್ಲಿನ ಗೋಡೆ, ಮಣ್ಣಿನ ಗಾರೆ, ಹಂಚಿನ ಮಾಡು. ತಮ್ಮ ಅದರ ಹಂಚು ಇಳಿಸಿ ಅದೇ ಗೋಡೆಗಳ ಮೇಲೆ ತಾರಸಿ ಹಾಕಿಸಬೇಕೆಂದಿದ್ದಾನೆ. ಮಂಗಳೂರು ಹಂಚು ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕಿಲೋ. ಐದಿಂಚಿನ ತಾರಸಿ 300 ಕಿಲೋಗೂ ಮೇಲೆ. ಐದು ಪಟ್ಟು! 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಅದರ ಮೇಲೆ ಹೇರಿದ ಭಾರದ ಮಣ್ಣಿನ ಮಾಳಿಗೆ. ಹಗುರ ಮಾಡಿನ ಊರಿನವರು ದುಡ್ಡು ಕೊಟ್ಟು ಆ ಕಡೆಗೆ ನಡೆಯುತ್ತಿದ್ದೇವೆ. ಗೋಡೆಯ ತಲೆಗೆ ಸುತ್ತಲೂ ಒಂದು ಕಾಂಕ್ರೀಟಿನ ಪಟ್ಟಿ, ಮಾಡು ಹೊರುವ ಪಕ್ಕಾಸುಗಳನ್ನು ಅದಕ್ಕೆ ಬಿಗಿಯುವ ಕಬ್ಬಿಣದ ಪಟ್ಟಿಗಳು, ಗೆದ್ದಲು ಹಿಡಿದ ಮರದ ಬದಲು ಪೈಪು, ಮೇಲೆ ಅದೇ ಹಳೆಯ ಹಂಚು: ಇದರ ಖರ್ಚು ತಾರಸಿಯ ಅರ್ಧವೂ ಆಗದು ಎಂದು ಮೇಸ್ತ್ರಿಯೇ ಹೇಳಿದರು. ತಮ್ಮನಿಗೆ ಇದೆಲ್ಲ ಅರ್ಥವಾಗುತ್ತದೆ. ಅವನ ಸಮಸ್ಯೆ ಮಂಗಗಳು, ವರ್ಷವೂ ಹಂಚು ಒಡೆಯುತ್ತವೆ, ಸರಿಮಾಡಲು ಆಳು ಸಿಗುವುದಿಲ್ಲ. "ಅಕ್ಕ, ನಿನ್ನ ಭೂಕಂಪ ಯಾವಾಗಲೋ. ಮಂಗ ನಾಳೆ ಬೆಳಿಗ್ಗೆ ಬರುತ್ತದೆ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಹಂಚಿನ ಮೇಲೆ ಬಲೆ ಹಾಸುವ ಖರ್ಚು ವಿಚಾರಿಸುತ್ತಿದ್ದೇನೆ.

ಅಂದ ಹಾಗೆ ಭಾನುವಾರದ ಸಭೆ ಪೂರ್ತಿ ವ್ಯರ್ಥವಾಗಲಿಲ್ಲ. ಪಿಲ್ಲರುಗಳಿಗೆ "ತೂಕ" ಬಿತ್ತು, ಆದರೆ ತಾರಸಿಯ ಎರಡು ಪದರ ಒಡೆದು ಇಳಿಸುವುದಕ್ಕೆ ಒಪ್ಪಿಗೆ ಸಿಕ್ಕಿತು, ಒಂಬತ್ತು ಮತ, ವಿರೋಧ ನಾಲ್ಕು. ಡಿಸೆಂಬರಿನಲ್ಲಿ, ಮಳೆ ಪೂರ್ತಿ ಬಿಟ್ಟ ಮೇಲೆ, ದೊಡ್ಡ ಯಂತ್ರ ಹತ್ತಿಸದೆ ಸಣ್ಣ ಉಳಿಯಲ್ಲಿ. ಒಡೆದ ಕಾಂಕ್ರೀಟು ಒಯ್ಯುವ ಲಾರಿಯ ಬಾಡಿಗೆಯನ್ನು ಎಲ್ಲರೂ ಕೊಡಬೇಕೋ ಮೇಲಿನ ಮಹಡಿಯವರು ಮಾತ್ರವೋ ಎಂಬ ಚರ್ಚೆ ಮುಂದಿನ ಸಭೆಗೆ ಹೋಗಿದೆ.